ಬ್ರೊನ್ಯಾ ಬರೆದ ಮೂರು ಅಕ್ಷರ

ಡೆಟ್ರಾಯಿಟ್‌ನ ನಮ್ಮ ಪೋಲಿಷ್ ಕೇರಿಯಲ್ಲಿ ರೇಡಿಯೋದಲ್ಲಿ ಭಾಷಣ ಮಾಡುವ ಪಾದ್ರಿಯ ಮಾತು ಕೇಳಲು ಮನೆಯಲ್ಲಿ ರೇಡಿಯೋ ಬೇಕಿರಲಿಲ್ಲ. ಭಾನುವಾರ ಮಧ್ಯಾಹ್ನ ಬೀದಿಯಲ್ಲಿ ನಡೆದರೆ ಸಾಕು, ಒಂದು ಕಿಟಕಿ ಬಿಟ್ಟ ಮಾತನ್ನು ಮುಂದಿನ ಕಿಟಕಿ ಹಿಡಿಯುತ್ತಿತ್ತು. ಕಾರ್ಖಾನೆ ಮುಚ್ಚಿಸಿದ್ದು ಯಾರು? ನಮ್ಮ ರೊಟ್ಟಿ ಕಸಿದವರು ಯಾರು? ಆ ಮನುಷ್ಯನ ಹತ್ತಿರ ಎಲ್ಲಕ್ಕೂ ಒಂದೇ ಉತ್ತರ: ಯಹೂದಿಗಳು.

ಬ್ರೊನ್ಯಾ ಆ ದನಿ ಕೇಳಿ ಕಣ್ಣೀರು ಹಾಕುವವಳು. ಊರವರ ಬಟ್ಟೆ ಒಗೆದು ಬದುಕುವ ವಿಧವೆ. ಹತ್ತೊಂಬತ್ತರ ಮಗಳು ಹಲೀನಾಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚದಿದ್ದರೆ ಜೀವವಿಲ್ಲ. ಅದನ್ನು ಪುಕ್ಕಟೆ ಕೊಡುತ್ತಿದ್ದವನು ಮೂಲೆಯ ಔಷಧಿ ಅಂಗಡಿಯ ಲಾಜರ್. ಅವನೂ ಯಹೂದಿಯೇ.

"ಭಾನುವಾರ ಬೈಯೋದು, ಸೋಮವಾರ ಅವನ ಮುಂದೆ ಕೈಯೊಡ್ಡೋದು. ನಾಚಿಕೆ ಆಗಲ್ವೇನೆ?" ಎಂದು ನೆರೆಯವಳಾದ ನಾನು ಒಮ್ಮೆ ಕೇಳಿದ್ದೆ.

"ಪಾದ್ರಿಗಳು ಬೈಯೋದು ಬ್ಯಾಂಕಿನ ಯಹೂದಿಗಳನ್ನ ಕಣಕ್ಕ. ನಮ್ಮ ಲಾಜರ್ ಅಂಥೋನಾ?"

ಕೇರಿಯಲ್ಲಿ ಎಲ್ಲರಿಗೂ ಹೀಗೆ ಒಬ್ಬ 'ನಮ್ಮ' ಯಹೂದಿ ಇದ್ದ. ಪಾದ್ರಿಗೆ ಯಾರೂ ಇರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಜನವರಿ. ಶಿಶು ಯೇಸುವನ್ನು ನೋಡಲು ಬಂದ ಮೂರು ರಾಜರ ಹಬ್ಬಕ್ಕೆ ಚರ್ಚಿನಲ್ಲಿ ಹರಸಿದ ಸೀಮೆಸುಣ್ಣ ತಂದು, ಬಾಗಿಲ ನೆತ್ತಿಯ ಮೇಲೆ ಆ ರಾಜರ ಹೆಸರಿನ ಮೊದಲಕ್ಷರಗಳನ್ನು ಬರೆಯುವುದು ನಮ್ಮ ಪದ್ಧತಿ. ರೇಡಿಯೋ ಪಾದ್ರಿಯ ಪತ್ರಿಕೆ ಮಾರುವ ಪಡೆಯ ಮುಖಂಡ ಕಟುಕ ಗೆರ್ವಾಜಿ. ಆ ವರ್ಷ ಅವನು ಚರ್ಚಿನ ಮೆಟ್ಟಿಲ ಮೇಲೆ ನಿಂತು ಕೂಗಿದ: "ಅಕ್ಷರ ಇಲ್ಲದ ಅಂಗಡಿ ನಮ್ಮದಲ್ಲ! ನಾಳೆ ನಾವೇ ವಿಚಾರಿಸ್ಕೋತೀವಿ!"

ಬ್ರೊನ್ಯಾ ಅಲ್ಲಿಂದ ನೇರವಾಗಿ ಔಷಧಿ ಅಂಗಡಿಗೆ ಓಡಿದಳು. ಲಾಜರ್ ಒಳಗೆ ಮದ್ದು ಅರೆಯುತ್ತಿದ್ದ. ಅವನನ್ನು ಕೇಳಲೂ ಇಲ್ಲ. ಹೊರಗೆ ಪೆಟ್ಟಿಗೆ ಹತ್ತಿ ನಿಂತು, ಅವನ ಬಾಗಿಲ ಮೇಲೆ ಮೂರೂ ಅಕ್ಷರ ಬರೆದಳು. ಇನ್ನು ಭಯವಿಲ್ಲ ಅಂದುಕೊಂಡಳು, ಪೆದ್ದಿ.

ಮರುದಿನ ಬೆಳಿಗ್ಗೆ ಗೆರ್ವಾಜಿಯ ಪಡೆ ಬಂತು. ಅವನು ತಲೆಯೆತ್ತಿ ನೋಡಿದ.

"ನೋಡ್ರೋ ಇವನ ಸೊಕ್ಕು! ನಮ್ಮ ರಾಜರನ್ನ ಅಣಕಿಸ್ತಾನೆ!"

ಬರೀ ಬಹಿಷ್ಕಾರ ಕೂಗಲು ಬಂದವರ ಕೈಗೆ ಆಗ ಕಲ್ಲು ಬಂತು. ಗಾಜು ಒಡೆಯಿತು. ಒಳನುಗ್ಗಿದವರು ಇನ್ಸುಲಿನ್ ಇಟ್ಟಿದ್ದ ಐಸ್‌ಪೆಟ್ಟಿಗೆಯನ್ನೇ ಬೀದಿಗೆಳೆದು ಕವುಚಿದರು.

"ಬರೆದದ್ದು ನಾನು! ನಾನು ಕಣ್ರಯ್ಯಾ, ನಾನು!" ಬ್ರೊನ್ಯಾ ಅವರ ನಡುವೆ ನುಗ್ಗಿ ಕೂಗಿದಳು.

"ಕೇಳಿದ್ರಾ? ನಮ್ಮ ಹೆಂಗಸರಿಗೆ ಏನು ಮದ್ದು ಹಾಕಿದಾನೋ!" ಎಂದ ಗೆರ್ವಾಜಿ. ಎಲ್ಲರೂ ನಕ್ಕರು. ನಾನು ಎದುರು ಬಾಗಿಲಲ್ಲಿ ನಿಂತಿದ್ದೆ. ನಗಲಿಲ್ಲ ನಿಜ, ಬಾಯಿಯನ್ನೂ ಬಿಡಲಿಲ್ಲ.

ಗಾಜಿನ ಚೂರುಗಳಲ್ಲಿ ಮಂಡಿಯೂರಿ ಅವಳು ಹುಡುಕಿದಳು. ಸಿಕ್ಕಿದ್ದು ಒಂದೇ ಸೀಸೆ, ಅದೂ ಅರ್ಧ. ಹಣೆಯ ರಕ್ತ ಒರೆಸಿಕೊಳ್ಳುತ್ತಾ ಲಾಜರ್ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಮೂರು ದಿನಕ್ಕೆ ಬರುತ್ತೆ ತಾಯಿ. ಅಷ್ಟರಲ್ಲಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ನಾನು ಇನ್ನು ಇಲ್ಲಿರಲ್ಲ."

ದೊಡ್ಡಾಸ್ಪತ್ರೆಯ ಬಡವರ ಸಾಲಿನಲ್ಲಿ ತಾಯಿ ಮಗಳು ಎರಡು ದಿನ ನಿಂತರು. ಅಲ್ಲಿನವರು ಹೆಸರು ಬರೆದುಕೊಂಡು, ಮುಂದಿನ ವಾರ ಬನ್ನಿ ಅಂದರು. ಸೀಸೆ ಬರಿದಾಯಿತು. ನಾಲ್ಕನೆಯ ದಿನ ಹಲೀನಾ ನೀರು ಕೇಳಿದಳು. ಕುಡಿದಳು. ಮತ್ತೆ ಕೇಳಿದಳು. ಬ್ರೊನ್ಯಾ ಬೋಗುಣಿ ತುಂಬಿಸಿ ತರುತ್ತಲೇ ಇದ್ದಳು. ಮಗಳ ಬಾಯಾರಿಕೆ ಮಾತ್ರ ಭಾನುವಾರದವರೆಗೂ ತೀರಲಿಲ್ಲ. ಆಮೇಲೆ ಹಲೀನಾ ನೀರು ಕೇಳುವುದನ್ನೇ ನಿಲ್ಲಿಸಿದಳು.