ಹಲ್ಲಿನ ಡಾಕ್ಟರಿಗೆ ಎರವಲು ಕನ್ನಡಕ

ನಮ್ಮ ಎದುರುಮನೆಯ ಸಿಸ್ಟರ್ ಆಂಟಿಯ ಜೊತೆ ವಾದ ಮಾಡಿ ನಾನು ಗೆದ್ದದ್ದು ಒಂದೇ ಒಂದು ಸಲ. ಆ ಗೆಲುವಿಗೆ ಶಿಕ್ಷೆಯಾಗಿ ಶ್ರೀಲಂಕಾಕ್ಕೆ ಹೋಗಬೇಕಾಯಿತು.

ಆಂಟಿ ಕ್ರೈಸ್ತ ಸನ್ಯಾಸಿನಿಯಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಜಯನಗರದ ನಮ್ಮ ರಸ್ತೆಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರೆಲ್ಲ ಅವರ ಮನೆ ಗೇಟು ತಟ್ಟುತ್ತಾರೆ. ಸಂಕ್ರಾಂತಿಗೆ ನಮ್ಮಿಂದ ಎಳ್ಳುಬೆಲ್ಲ ಹೋಗುತ್ತದೆ, ಕ್ರಿಸ್‌ಮಸ್‌ಗೆ ಅವರಿಂದ ರೋಸ್ ಕುಕೀಸ್ ಬರುತ್ತವೆ. ಆ ವರ್ಷ ತಟ್ಟೆ ತಂದವರು, ತಮ್ಮ ಚರ್ಚಿನ ತಂಡವೊಂದು ಶ್ರೀಲಂಕಾದ ಟೀ ತೋಟಕ್ಕೆ ಐದು ದಿನದ ವೈದ್ಯಕೀಯ ಶಿಬಿರಕ್ಕೆ ಹೋಗುತ್ತಿದೆ ಎಂದರು. ಸಂತೋಷ ಅಂತ ಹೇಳಿ ಸುಮ್ಮನಿರಬಹುದಿತ್ತು. ಆದರೆ ಮೂರು ವರ್ಷ ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವರಿಗೆ ಯಾರು ಏನೇ ಹೇಳಿದರೂ ಅದು ಇಂದಿನ ವಿಷಯ, ನಾವು ವಿರೋಧ ಪಕ್ಷ ಅನ್ನಿಸುತ್ತದೆ.

"ಐದ್ ದಿನದಲ್ಲಿ ಏನಾಗತ್ತೆ ಆಂಟಿ? ಹೋಗ್ತೀರ, ಮಾತ್ರೆ ಕೊಡ್ತೀರ, ಫೋಟೋ ತೆಗೀತೀರ, ಬರ್ತೀರ. ಆರನೇ ದಿನ ಅವರಿಗೆ ಜ್ವರ ಬಂದ್ರೆ? ಇದು ಸೇವೆ ಅಲ್ಲ, ಟೂರು. ಇಲ್ಲೇ ಪಕ್ಕದ ಸಿದ್ದಾಪುರದಲ್ಲಿ ಕಾಯಿಲೆಯವರು ಮುಗಿದುಹೋದ್ರಾ?"

ಆಂಟಿ ನಿಧಾನಕ್ಕೆ ಒಂದು ಕುಕೀಸ್ ಮುರಿದರು. "ನೀನ್ ಹೇಳೋದ್ರಲ್ಲಿ ತಪ್ಪೇನಿಲ್ಲ ಕಣಮ್ಮ," ಅಂದರು.

ಎದುರಾಳಿ ಒಪ್ಪಿಕೊಂಡರೆ ಮುಂದೇನು ಮಾಡಬೇಕು ಎಂದು ನಮಗೆ ಯಾರೂ ಕಲಿಸಿರಲಿಲ್ಲ. ಅವರೇ ಮುಂದುವರಿಸಿದರು.

"ಒಂದು ಸೀಟ್ ಖಾಲಿ ಇದೆ. ಕ್ಯೂ ನಿಲ್ಸೋಕೆ ಗಟ್ಟಿ ಗಂಟಲಿನೋರು ಬೇಕಾಗಿತ್ತು. ಬಾ. ನೋಡ್ಬಿಟ್ಟು ಆಮೇಲೆ ಬೈಯಿ."

"ನಾನು ದೇವರನ್ನ ನಂಬಲ್ಲ ಆಂಟಿ."

"ಕ್ಯೂ ನಂಬ್ತೀಯಲ್ಲ, ಸಾಕು."

ಅಡುಗೆಮನೆಯಿಂದ ಅಮ್ಮ ನನ್ನ ಪರವಾಗಿ ತೀರ್ಮಾನ ಕೊಟ್ಟೇಬಿಟ್ಟರು. "ಕರ್ಕೊಂಡ್ ಹೋಗಿ ಸಿಸ್ಟರ್. ಮಠಕ್ಕೆ ಕರೆದ್ರೂ ವಾದ, ಮದುವೆಗೆ ಕರೆದ್ರೂ ವಾದ. ಐದು ದಿನ ಈ ಮನೇಲಿ ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಅಂದ್ರೆ ಅದಕ್ಕಿಂತ ಸೇವೆ ಯಾವ್ದಿದೆ?"

ಚರ್ಚಿನ ಹಿಂದಿನ ಹಾಲಿನಲ್ಲಿ ನಡೆದ ತಯಾರಿ ಸಭೆಗಳಲ್ಲಿ ನನಗೆ ಸಿಕ್ಕ ಜವಾಬ್ದಾರಿ ಕನ್ನಡಕ. ವಯಸ್ಸಾದವರಿಗೆ ಹತ್ತಿರದ್ದು ಕಾಣಲು ಬೇಕಾದ ಕನ್ನಡಕಗಳನ್ನು ಇಲ್ಲಿ ಒಟ್ಟುಮಾಡಿ ಅಲ್ಲಿ ಹಂಚುವುದು. ಇದಕ್ಕೆ ಜಯನಗರಕ್ಕಿಂತ ಒಳ್ಳೆಯ ಗಣಿ ಇನ್ನೊಂದಿಲ್ಲ. ಇಲ್ಲಿನ ನಿವೃತ್ತರು ಯಾವ ಕನ್ನಡಕವನ್ನೂ ಎಸೆದವರಲ್ಲ. ನಿಂತ ವಾಚು, ಕಟ್ಟಿ ಮುಗಿದ ಟೆಲಿಫೋನ್ ಬಿಲ್ಲು, ಹಳೇ ಕನ್ನಡಕ ಮೂರೂ ಒಂದೇ ಡ್ರಾದಲ್ಲಿರುತ್ತವೆ. ನಾನು ಬೆಳಗಿನ ವಾಕಿಂಗ್ ಹೊತ್ತಿಗೆ ಪಾರ್ಕಿನ ಗೇಟಿನಲ್ಲಿ ಡಬ್ಬ ಹಿಡಿದು ನಿಂತೆ. ಒಬ್ಬ ಅಂಕಲ್ ಸೋಮವಾರ ಕನ್ನಡಕ ಕೊಟ್ಟು, ಬುಧವಾರ ಬಂದು "ಫ್ರೇಮ್ ಚೆನ್ನಾಗಿತ್ತಮ್ಮ, ಮತ್ತೆ ಯೋಚನೆ ಮಾಡ್ದೆ" ಅಂತ ವಾಪಸ್ ತೆಗೆದುಕೊಂಡು, ಶುಕ್ರವಾರ ಮತ್ತೆ ತಂದುಕೊಟ್ಟರು. ನನಗೆ ರೇಗಿತು. ಮುಂದಿನ ಸಭೆಯಲ್ಲಿ ಎದ್ದುನಿಂತು ಒಂದು ನಿಯಮ ಮಂಡಿಸಿದೆ. ಕೊಟ್ಟದ್ದು ಕೊಟ್ಟದ್ದೇ, ಯಾವ ಕಾರಣಕ್ಕೂ ವಾಪಸ್ ಕೇಳುವಂತಿಲ್ಲ, ಇದಕ್ಕೆ ಅಪವಾದವಿಲ್ಲ. ದಾನದ ಘನತೆ ಎಂಬ ವಿಷಯದ ಮೇಲೆ ನಾಲ್ಕು ನಿಮಿಷ ಮಾತಾಡಿದೆ. ಆಂಟಿ ಅದನ್ನು ಟೈಪ್ ಮಾಡಿಸಿ ಎಲ್ಲರ ಸಹಿ ಹಾಕಿಸಿದರು. ಮೊದಲ ಸಹಿ ನನ್ನದು.

ತಂಡದ ಹಲ್ಲಿನ ಡಾಕ್ಟರು ಜೆ.ಪಿ. ನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಮೆದುಮಾತಿನ ಅಂಕಲ್. ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದಕ್ಕೆ ಕನ್ನಡಕ ಬೇಕೇ ಬೇಕು. ಅವರ ಬಳಿ ಎರಡಿದ್ದವು. ಅದು ನನ್ನ ಕಣ್ಣಿಗೆ ಬಿತ್ತು.

"ಎರಡು ಯಾಕೆ ಅಂಕಲ್?"

"ಒಂದು ಒಡೆದ್ರೆ ಇರ್ಲಿ ಅಂತಮ್ಮ."

"ಯಾವತ್ತಾದ್ರೂ ಒಡೆದಿದೆಯಾ?"

"ಇಲ್ಲ."

"ಹಾಗಾದ್ರೆ ಅದು ಕನ್ನಡಕ ಅಲ್ಲ ಅಂಕಲ್. ಭಯ."

ಅವರು ಎರಡನೆಯದನ್ನು ನನ್ನ ಡಬ್ಬಕ್ಕೆ ಹಾಕಿದರು. ಆ ವಾಕ್ಯದ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಶಿಬಿರ ನಡೆದದ್ದು, ಟೀ ಎಲೆ ಕೀಳುವ ಹೆಂಗಸರು ಕೂಸುಗಳನ್ನು ಬಿಟ್ಟುಹೋಗುವ ಉದ್ದನೆಯ ಕೊಠಡಿಯಲ್ಲಿ. ಗೋಡೆಯ ಮೇಲೆ ಆನೆ, ಮೊಲ, ಎ ಬಿ ಸಿ ಡಿ. ಆನೆಯ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿಗೆ ದಿಂಬು ಕಟ್ಟಿ ಹಲ್ಲಿನ ಡಾಕ್ಟರ ಕುರ್ಚಿ ಮಾಡಿದೆವು. ಅದರ ಪಕ್ಕದಲ್ಲೇ ನನ್ನ ಕನ್ನಡಕದ ಮೇಜು. ಅಲ್ಲಿನವರ ಮಾತು ತಮಿಳು. ನನ್ನ ತಮಿಳು ಮಡಿವಾಳ ಮಾರ್ಕೆಟ್ಟಿನಲ್ಲಿ ಕಲಿತದ್ದು, ಬೆಲೆ ಇಳಿಸಲು ಮಾತ್ರ ಪಳಗಿದ್ದು. ನೋವು ಎಷ್ಟು ದಿನದಿಂದ ಎಂದು ಕೇಳಿದಾಗ "ಮೂರು ವಾರ" ಅಂದ ಒಬ್ಬರಿಗೆ, ಅಭ್ಯಾಸಬಲದಿಂದ "ಎರಡು ಮಾಡ್ಕೊಳ್ಳಿ" ಅಂದುಬಿಟ್ಟೆ. ಅವರು ಪಾಪ ಒಪ್ಪಿಕೊಂಡರು.

ಮೊದಲ ಎರಡು ದಿನದಲ್ಲೇ ಹತ್ತಿರದ ಕನ್ನಡಕಗಳೆಲ್ಲ ಖಾಲಿ. ಡಾಕ್ಟರ 'ಭಯ'ವೂ ಮೊದಲ ದಿನವೇ ಯಾರದೋ ಮೂಗೇರಿ ಹೋಯಿತು. ಡಬ್ಬದಲ್ಲಿ ಉಳಿದದ್ದು ಜಯನಗರದ ಕಾಲೇಜು ಮಕ್ಕಳ, ದೂರದ್ದು ಕಾಣಲು ಹಾಕುವ ಕನ್ನಡಕಗಳು ಮಾತ್ರ.

ದಿನಾ ಮಧ್ಯಾಹ್ನ ಊಟಕ್ಕೆ ಮುಂಚೆ ತಂಡದವರೆಲ್ಲ ಇದ್ದಲ್ಲೇ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ಡಾಕ್ಟರ್ ಅಂಕಲ್ ಆಗ ಕನ್ನಡಕ ತೆಗೆದಿಡುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ "ಅವನನ್ನ ನೋಡೋಕೆ ನಂಬರ್ ಬೇಡಮ್ಮ" ಅಂದಿದ್ದರು. ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಪ್ರಾರ್ಥನೆಗೆ ಗೌರವ ಕೊಡಬಹುದು, ಕಣ್ಣನ್ನೂ ಯಾಕೆ ಕೊಡಬೇಕು ಎಂಬುದು ನನ್ನ ನಿಲುವು. ಎಲ್ಲರೂ ಕಣ್ಣು ಮುಚ್ಚಿರುವಾಗ ಒಬ್ಬರಾದರೂ ಕೆಲಸ ಮಾಡುತ್ತಿರಬೇಕಲ್ಲ.

ಮೂರನೆಯ ದಿನ ಪ್ರಾರ್ಥನೆ ತುಸು ಉದ್ದವಾಯಿತು. ಹಲ್ಲಿನ ಸಾಲಿನಲ್ಲಿ ಮೊದಲಿಗರಾಗಿ ಒಬ್ಬ ಅಜ್ಜಿ ಕೂತಿದ್ದರು. ಕೆನ್ನೆ ಊದಿತ್ತು, ಗಲ್ಲದ ಸುತ್ತ ಬಟ್ಟೆ ಕಟ್ಟಿಕೊಂಡಿದ್ದರು. ಅವರೂ ಕಣ್ಣು ಮುಚ್ಚಿರಲಿಲ್ಲ. ನಮ್ಮಿಬ್ಬರ ಕಣ್ಣು ಕೂಡಿತು. ಅವರು ಎರಡು ಬೆರಳು ದುಂಡಗೆ ಮಾಡಿ ಕಣ್ಣಿಗೆ ಹಿಡಿದು, ಕನ್ನಡಕ ಇದೆಯಾ ಎಂದು ಸನ್ನೆಯಲ್ಲೇ ಕೇಳಿದರು. ಮೇಜಿನ ಮೇಲೆ ನೋಡಿದರೆ ಒಂದು ಇತ್ತು. ಒಂದು ಉಳಿದಿದೆಯಲ್ಲ, ದೇವರು ದೊಡ್ಡವನು ಎಂದು ಜೀವನದಲ್ಲಿ ಮೊದಲ ಬಾರಿಗೆ ಅಂದುಕೊಂಡೆ. ಕೊಟ್ಟೆ. "ಇನ್ನು ಇದು ನಿಮ್ಮದೇ," ಎಂದು ನಿಯಮದ ಪ್ರಕಾರ ಪಿಸುಗುಟ್ಟಿದೆ.

ಅಜ್ಜಿ ಹಾಕಿಕೊಂಡು ಮೊದಲು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಬಗ್ಗಿ ನನ್ನ ಮುಖ ನೋಡಿದರು.

"ನಿನಗೆ ಮೀಸೆ ಇದೆ," ಎಂದು ಅವರೂ ಪಿಸುಗುಟ್ಟಿದರು.

ಹಾಗಂದು ಎದ್ದು, ಬಾಗಿಲ ಚಿಲಕ, ಕಂಬದ ಇರುವೆ ಸಾಲು, ತಮ್ಮ ಸೀರೆಯ ಅಂಚು ಎಲ್ಲವನ್ನೂ ನೋಡುತ್ತ ಹೊರಟೇ ಹೋದರು. ಹಲ್ಲು ಕೀಳಿಸಿಕೊಳ್ಳಲು ಬಂದದ್ದು ಅವರಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ. ನಾನು ಆಗ ಮೇಲ್ದುಟಿ ಮುಟ್ಟಿಕೊಳ್ಳುತ್ತಿದ್ದೆ.

ಆಮೆನ್ ಆಯಿತು. ಡಾಕ್ಟರ ಕೈ ನನ್ನ ಮೇಜಿನ ಮೇಲೆ ತಡಕಾಡಿತು.

"ಇಲ್ಲೇ ಇಟ್ಟಿದ್ದೆನಲ್ಲಮ್ಮ."

"ಅಂಕಲ್, ಅದು ಹೋಯ್ತು."

"ಎಲ್ಲಿಗೆ?"

"ಟೀ ತೋಟಕ್ಕೆ."

ಅವರು ಬೈಯಲಿಲ್ಲ. ಸಾಲಿನ ಮುಂದಿನವರನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಸಿ, ಬಗ್ಗಿ ನೋಡಿ, ಹಿಂದೆ ಸರಿದು ನೋಡಿ ನೆಟ್ಟಗೆ ನಿಂತರು. "ಹಲ್ಲು ಇದಾವೆ ಅಂತ ಗೊತ್ತಾಗ್ತಿದೆ. ಯಾವ್ದು ಯಾವ್ದು ಅಂತ ಗೊತ್ತಾಗ್ತಿಲ್ಲ." ಡಬ್ಬದಲ್ಲಿ ಉಳಿದಿದ್ದ ಕನ್ನಡಕ ಹಾಕಿ ನೋಡಿದ ಮೇಲೆ ಹಲ್ಲು ಇರುವುದೂ ಗೊತ್ತಾಗಲಿಲ್ಲ. ಅವರ ಎರಡು ಕಣ್ಣಿಗೂ ಬೇರೆ ಬೇರೆ ನಂಬರು, ಪೇಟೆಯ ಅಂಗಡಿಯಲ್ಲಿ ರೆಡಿಯಾಗಿ ಸಿಗುವಂಥದ್ದಲ್ಲ. ಅದು ಅಜ್ಜಿಗೆ ಹೇಗೆ ಹೊಂದಿತೋ, ವಿಜ್ಞಾನವೇ ಹೇಳಬೇಕು.

"ನಿಮ್ದು ಇನ್ನೊಂದಿತ್ತಲ್ಲ ಡಾಕ್ಟರೇ?" ಎಂದರು ಆಂಟಿ.

"ಅದು ಭಯ ಅಂತೆ. ಕೊಟ್ಬಿಟ್ಟೆ," ಅಂದರು ಅಂಕಲ್. ಆ ಮಾತಿನಲ್ಲಿ ಚುಚ್ಚು ಇರಲೇ ಇಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಆ ಹೊತ್ತಿಗೆ ಸಾಲಿನಲ್ಲಿ ಹದಿನೈದು ಊದಿದ ಕೆನ್ನೆಗಳು. ಎಲ್ಲರೂ ಅರ್ಧ ದಿನದ ಕೆಲಸ ಬಿಟ್ಟು ಬಂದವರು. ಪೇಟೆಯ ದಂತವೈದ್ಯರನ್ನು ಕಾಣಬೇಕೆಂದರೆ ಪೂರ್ತಿ ದಿನ ಬಿಡಬೇಕು. ಅಂಕಲ್‌ಗೆ ಕಣ್ಣು ಕಾಣದಿದ್ದರೆ ಇವರೆಲ್ಲ ನೋವಿನ ಮಾತ್ರೆ ಹಿಡಿದು, ಅದೇ ಹಲ್ಲನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಹೋಗಬೇಕು. ಐದು ದಿನದಲ್ಲಿ ಏನಾಗತ್ತೆ ಎಂದು ಕೇಳಿದ್ದವಳು ನಾನು. ಉತ್ತರ 'ಏನೂ ಇಲ್ಲ' ಅಂತಾದರೆ, ಹಾಗೆ ಮಾಡಿದವಳೂ ನಾನೇ.

"ಹೋಗಿ ಕೇಳ್ಕೊಂಡ್ ಬರ್ತೀನಿ," ಅಂದೆ.

"ಕೇಳೋ ಹಾಗಿಲ್ವಲ್ಲಮ್ಮ," ಎಂದರು ಆಂಟಿ. "ಸೈನ್ ಹಾಕಿದೀವಿ."

"ಇದೊಂದು ಅಪವಾದ ಆಂಟಿ."

"ಅಪವಾದ ಇಲ್ಲ ಅಂತ ಬರೆಸಿದ್ದೂ ನೀನೇ."

"ಸರಿ. ಕೇಳಲ್ಲ. ವಾದ ಮಾಡ್ತೀನಿ."

ಕಾರ್ಮಿಕರ ಸಾಲುಮನೆಗಳ ಕೊನೆಯ ಮೆಟ್ಟಿಲ ಮೇಲೆ ಅಜ್ಜಿ ಸಿಕ್ಕರು. ಒಂದು ಕೈ ಕೆನ್ನೆಯ ಮೇಲೆ, ಇನ್ನೊಂದು ಕೈ ಮೊರದಲ್ಲಿ. ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದರು. ಮಾತು ನಡೆದದ್ದು ತಮಿಳಿನಲ್ಲಿ. ನನ್ನ ಕಡೆಯ ತಮಿಳು ಎಷ್ಟು ಕುಂಟಿತು ಎಂಬುದನ್ನು ಮುಚ್ಚಿಡಲು ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

"ಅಜ್ಜಿ, ಅದು ಡಾಕ್ಟರ ಕನ್ನಡಕ."

"ನೀನೇ ತಾನೆ ಕೊಟ್ಟಿದ್ದು?"

"ತಪ್ಪಾಗಿ ಕೊಟ್ಟೆ."

"ಸರಿಯಾಗೇ ಕಾಣ್ತಿದೆಯಲ್ಲ."

"ಅದಿಲ್ದೆ ಅವರಿಗೆ ಹಲ್ಲು ಕಾಣಲ್ಲ."

"ಇದಿಲ್ದೆ ನನಗೆ ಕಲ್ಲು ಕಾಣಲ್ಲ. ಕಲ್ಲು ಕಚ್ಚಿಯೇ ಈ ಹಲ್ಲು ಹೋಗಿದ್ದು."

ರೋಗಕ್ಕೆ ಮದ್ದು ಕೊಡುವುದಕ್ಕಿಂತ ರೋಗ ಬಾರದಂತೆ ತಡೆಯುವುದು ಮೇಲು ಎಂದು ಬೆಂಗಳೂರಿನ ಸಭೆಯಲ್ಲಿ ನಾನೇ ಮೇಜು ಕುಟ್ಟಿ ಹೇಳಿದ್ದೆ. ಅದನ್ನೇ ಈ ಅಜ್ಜಿ ಮೊರ ಹಿಡಿದು ಹೇಳುತ್ತಿದ್ದರು. ನಾನು ಬಹುಜನಹಿತಕ್ಕೆ ಜಿಗಿದೆ.

"ಅಲ್ಲಿ ಹದಿನೈದು ಜನ ಕಾಯ್ತಿದಾರೆ ಅಜ್ಜಿ."

"ನಿಮ್ಮೂರಿಗೆ ಹೋದ್ರೆ ಅವರಿಗೆ ಇನ್ನೊಂದು ಕನ್ನಡಕ ಸಿಗುತ್ತಾ?"

"ಸಿಗುತ್ತೆ."

"ನನಗೆ?"

ಆಗ ಅಜ್ಜಿಯ ಹಲ್ಲೇ ನನ್ನ ಪರವಾಗಿ ಎದ್ದಿತು. ಅವರು ಕಣ್ಣು ಕಿವುಚಿ ಕೆನ್ನೆ ಒತ್ತಿಕೊಂಡರು.

"ಆ ಹಲ್ಲನ್ನೂ ಅವರೇ ಕೀಳಬೇಕು," ಅಂದೆ ಮೆಲ್ಲಗೆ.

ಅಜ್ಜಿ ಇನ್ನೆರಡು ಕಲ್ಲು ಆರಿಸಿದರು. "ಕೊಡಲ್ಲ," ಅಂದರು. "ಹಾಕ್ಕೊಳ್ಳೋಕೆ ಬಿಡ್ತೀನಿ. ಪಕ್ಕದಲ್ಲೇ ನಾನೂ ಇರ್ತೀನಿ. ಸಾಯಂಕಾಲ ವಾಪಸ್."

ಹಾಗೆ ನಮ್ಮ ಮೆರವಣಿಗೆ ಬಂತು. ಮುಂದೆ ಕನ್ನಡಕ ಹಾಕಿಕೊಂಡು ಮೊರ ಹಿಡಿದ ಅಜ್ಜಿ, ಹಿಂದೆ ತಲೆ ತಗ್ಗಿಸಿದ ನಾನು. ಷರತ್ತುಗಳನ್ನು ಕೇಳಿ ಅಂಕಲ್ "ಆಗಲಿ ತಾಯಿ" ಎಂದು ತಮ್ಮದೇ ಕನ್ನಡಕವನ್ನು ಎರವಲು ಪಡೆದರು. ಮೊದಲು ಅಜ್ಜಿಯ ಹಲ್ಲು ಬಂತು. ಆಮೇಲೆ ಅವರು ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಅಂಕಲ್‌ಗೆ ಒಂದು ಮೊಳ ದೂರದಲ್ಲಿ ಸ್ಟೂಲ್ ಹಾಕಿಕೊಂಡು ಕಾವಲು ಕೂತರು. ಸಂಜೆಯ ಹೊತ್ತಿಗೆ ಹದಿನೈದು ಕೆನ್ನೆಗಳೂ ಮುಗಿದವು. ಕೊನೆಯವರು ಎದ್ದ ಕೂಡಲೇ ಅಜ್ಜಿ ಅಂಗೈ ಚಾಚಿದರು.

ಉಳಿದ ಎರಡು ದಿನವೂ ಹೀಗೇ. ಬೆಳಿಗ್ಗೆ ಬಂದು, ಗಾಜಿಗೆ ಹಾ ಎಂದು ಊದಿ, ಸೆರಗಿನಲ್ಲಿ ಒರೆಸಿ, ಅಂಕಲ್ ಮೂಗಿನ ಮೇಲೆ ತಾವೇ ಕೂರಿಸುತ್ತಿದ್ದರು. ಡಾಕ್ಟರು ಬಗ್ಗಿದಾಗ ತಾವೂ ಬಗ್ಗಿ ರೋಗಿಯ ಬಾಯೊಳಗೆ ಇಣುಕಿ "ಇನ್ನೂ ಒಳಗಿಂದು" ಎಂದು ಸಲಹೆ ಕೊಡುತ್ತಿದ್ದರು. ಮಧ್ಯಾಹ್ನದ ಪ್ರಾರ್ಥನೆಗೆ ಅಂಕಲ್ ಕನ್ನಡಕ ತೆಗೆದರೆ ಅದು ಮೇಜು ಮುಟ್ಟುವ ಮೊದಲೇ ಅಜ್ಜಿಯ ಸೊಂಟದ ಸಂಚಿ ಸೇರುತ್ತಿತ್ತು. ಅದನ್ನು ಸಿಕ್ಕಿಸುವಾಗ ಅವರು ನೋಡುತ್ತಿದ್ದದ್ದು ನನ್ನನ್ನೇ.

"ನೀನೂ ಕಣ್ ಮುಚ್ಕೋ," ಅಂದರು ಆಂಟಿ. "ದೇವರಿಗಲ್ಲ ಕಣಮ್ಮ. ನಮಗೋಸ್ಕರ."

ಮುಚ್ಚಿಕೊಂಡೆ.

ಐದನೆಯ ದಿನದ ಕೊನೆಯ ಹಲ್ಲು ಬಂದಾಗ ಅಜ್ಜಿಯ ಅಂಗೈ ಎಂದಿನಂತೆ ಮುಂದೆ ಬಂತು. ಈ ಸಲವಾದರೂ ಅವರು ಬಿಟ್ಟುಕೊಟ್ಟಾರು ಎಂದು ನಮಗೆಲ್ಲ ಆಸೆಯಿತ್ತು. ನಿಯಮವಿದ್ದದ್ದರಿಂದ ಯಾರೂ ಕೇಳಲಿಲ್ಲ. ಅಂಕಲ್ ಕನ್ನಡಕ ಮಡಚಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಮುಂದಿನ ವರ್ಷ ಬಂದಾಗ ಕೇಳಿ," ಅಂದರು ಅಜ್ಜಿ. "ಇಲ್ಲೇ ಇರುತ್ತೆ."

ವಾಪಸ್ ಬರುವಾಗ ಹತ್ತಿರದ್ದನ್ನೆಲ್ಲ ಅಂಕಲ್‌ಗೆ ಓದಿ ಹೇಳುವ ಕೆಲಸ ನನಗೇ ಬಂತು. ಬೋರ್ಡಿಂಗ್ ಪಾಸ್, ಸೀಟ್ ನಂಬರ್, ಊಟದ ಪೊಟ್ಟಣದ ಮೇಲಿನ ಬರಹ. ವಿಮಾನ ಬೆಂಗಳೂರಿನಲ್ಲಿ ಇಳಿದ ಮೇಲೆ ಅಂಕಲ್ ಫೋನ್ ಆನ್ ಮಾಡಿದ ತಕ್ಷಣ ಅದು ಗುಂಯ್‌ಗುಟ್ಟಿತು. ಅವರು ಕೈ ಉದ್ದ ಚಾಚಿ ನೋಡಿ, ಸೋತು, ನನಗೆ ಕೊಟ್ಟರು.

"ಮನೆಯಿಂದ ನಿಮ್ಮ ಹೆಂಡತಿ ಮೆಸೇಜ್ ಅಂಕಲ್. 'ಕನ್ನಡಕ ಅಲ್ಲೇ ಮರೆತು ಬರಬೇಡಿ' ಅಂತ ಬರೆದಿದಾರೆ."

ಅಂಕಲ್ ಸೀಟ್ ಬೆಲ್ಟ್ ಬಿಚ್ಚಿದರು.

"ಜೋಪಾನವಾಗಿದೆ ಅಂತ ಬರೀಮ್ಮ. ಸುಳ್ಳಂತೂ ಅಲ್ವಲ್ಲ."