ಗೋದಲಿಯಲ್ಲಿಟ್ಟ ಗುಂಡುಕಲ್ಲು

ಮೊನ್ನೆ ಸೀರೆಗೆ ಫಾಲ್ಸ್ ಬಟ್ಟೆ ತರಲು ಹಿಂದೂಪುರದ ಬಜಾರಿಗೆ ಹೋಗಿದ್ದೆ. ಫ್ಯಾನ್ಸಿ ಅಂಗಡಿಯಾಕೆ ಹೋದ ವರ್ಷ ಮಾರಾಟವಾಗದೆ ಉಳಿದ ಕಾಗದದ ನಕ್ಷತ್ರಗಳನ್ನು ಪೆಟ್ಟಿಗೆಯಿಂದ ತೆಗೆದು ಒಂದೊಂದಾಗಿ ಬಿಡಿಸುತ್ತಿದ್ದಳು. ಮಡಿಕೆ ಬಿಚ್ಚಿದಂತೆಲ್ಲ ಹಳೇ ಕಾಗದ, ಡಾಂಬರು ಗುಳಿಗೆ ಎರಡೂ ಸೇರಿದ ವಾಸನೆ ಎದ್ದಿತು. ನಾನು ಕೌಂಟರನ್ನು ಹಿಡಿದುಕೊಂಡೆ. "ಏಮೈಂದಕ್ಕಾ?" ಏನಾಯಿತೆಂದು ಆಕೆ ತೆಲುಗಿನಲ್ಲಿ ಕೇಳಿದಳು. ಏನಿಲ್ಲವೆಂದು ಫಾಲ್ಸನ್ನೂ ತೆಗೆದುಕೊಳ್ಳದೆ ಹೊರಗೆ ಬಂದೆ.

ಅದು ಟೀಚರಮ್ಮನ ಟ್ರಂಕಿನ ವಾಸನೆ.

ಒಂಬತ್ತು ವರ್ಷದ ಹಿಂದೆ ನಾವು ಕಲ್ಯಾಣದುರ್ಗದಲ್ಲಿದ್ದೆವು. ನನ್ನವರು ಶೇಂಗಾ ಮಿಲ್ಲಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದರು. ಸಾಲು ಮನೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದೆವು. ನಾನು, ಅವರು, ನಮ್ಮತ್ತೆ. ಪಕ್ಕದ ಗೋಡೆಯೇ ಟೀಚರಮ್ಮನದು. ಸರ್ಕಾರಿ ಸ್ಕೂಲಿನಿಂದ ರಿಟೈರಾಗಿದ್ದ ಕ್ರಿಶ್ಚಿಯನ್ ಹೆಂಗಸು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ನನ್ನನ್ನು ಮಾತ್ರ ತೆಲುಗಿನಲ್ಲಿ 'ಅಮ್ಮಾಯಿ' ಎನ್ನುತ್ತಿದ್ದರು. ನಾನಾಗ ಅಂಥ ಹುಡುಗಿಯೇನೂ ಅಲ್ಲ. ಮದುವೆಯಾಗಿ ಆರು ವರ್ಷವಾಗಿತ್ತು, ಎರಡು ಕಳೆದುಕೊಂಡಿದ್ದೆ. ಒಂದು ಐದನೇ ತಿಂಗಳಿಗೆ, ಇನ್ನೊಂದು ಏಳಕ್ಕೆ. ಈಗ ಮೂರನೆಯದು, ಎಂಟು ತುಂಬುತ್ತಿತ್ತು. ಇದಾದರೂ ಉಳಿಯಬೇಕು, ಬೇರೆ ಯಾವ ಯೋಚನೆಯೂ ನನಗಿರಲಿಲ್ಲ. ಉಳಿಯದಿದ್ದರೆ ಆ ಮನೆಯಲ್ಲಿ ನನ್ನ ಗತಿಯೇನು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅತ್ತೆಯ ಕಾವಲು ಅಷ್ಟಿಷ್ಟಲ್ಲ. ಕಣ್ಣು ತಾಗುತ್ತದೆಂದು ಸೀಮಂತ ಮಾಡಲಿಲ್ಲ. ಮಗು ಹುಟ್ಟುವ ಮುಂಚೆ ತೊಟ್ಟಿಲು ಮನೆಗೆ ಬರಬಾರದೆಂದು, ಹಿಂದೂಪುರದಲ್ಲಿ ನಮ್ಮಪ್ಪ ಮಗ್ಗದ ಹಳೇ ಮರದಲ್ಲಿ ಮಾಡಿಸಿದ್ದ ತೊಟ್ಟಿಲು ತವರಿನ ಅಟ್ಟದಲ್ಲೇ ಉಳಿಯಿತು. ಎಂಟನೇ ತಿಂಗಳಲ್ಲಿ ಪ್ರಯಾಣ ಕೂಡದೆಂದು ತವರಿಗೂ ಕಳಿಸಲಿಲ್ಲ. ಒಂಬತ್ತು ಬಿದ್ದ ಮೇಲೆ ನೋಡೋಣವೆಂದರು. ದಿನವಿಡೀ ಬಾಗಿಲ ಹಿಂದೆ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಅಂಥ ಒಂದು ಭಾನುವಾರ ಟೀಚರಮ್ಮ ಕರೆದರು. ಹೋದರೆ ನಡುಮನೆಯಲ್ಲಿ ಟ್ರಂಕು ತೆರೆದು ಕೂತಿದ್ದಾರೆ. ಕ್ರಿಸ್ಮಸ್ಸಿಗೆ ಇಡುವ ಮಣ್ಣಿನ ಗೊಂಬೆಗಳು. ಪ್ರತಿಯೊಂದನ್ನೂ ಹಳೇ ಉತ್ತರಪತ್ರಿಕೆಗಳಲ್ಲಿ ಸುತ್ತಿಟ್ಟಿದ್ದರು. ಯೋಸೇಪನನ್ನು ಸುತ್ತಿದ್ದ ಕಾಗದದಲ್ಲಿ ಯಾವುದೋ ಹುಡುಗಿಗೆ ನೂರಕ್ಕೆ ಹನ್ನೊಂದು. ಅದನ್ನು ನೋಡಿ ಇಬ್ಬರೂ ನಕ್ಕೆವು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಅವರಿಗೆ ಅಡ್ವೆಂಟು, ಅಂದರೆ ಬರುವವನಿಗಾಗಿ ಕಾಯುವ ಕಾಲ. ತಟ್ಟೆಯಲ್ಲಿ ನಾಲ್ಕು ಮೇಣದ ಬತ್ತಿ, ವಾರಕ್ಕೊಂದು ಹೆಚ್ಚಾಗಿ ಹಚ್ಚುತ್ತಾರೆ. ಮೂಲೆಯಲ್ಲಿ ಹುಲ್ಲು ಹರವಿ ದನ, ಕುರಿ, ಮರಿಯಮ್ಮ, ಯೋಸೇಪರನ್ನು ನಿಲ್ಲಿಸಿದರು. ನಡುವೆ ಅಂಗೈ ಅಗಲದ ಒಂದು ಗೋದಲಿ, ನಮ್ಮ ಕಡೆ ದನಕ್ಕೆ ಮೇವು ಹಾಕುತ್ತೇವಲ್ಲ ಅಂಥದು. ಹುಟ್ಟುವ ಮಗುವಿಗೆ ಅದೇ ತೊಟ್ಟಿಲು, ಇನ್ನೂ ಖಾಲಿಯಾಗಿತ್ತು. ಎಲ್ಲ ಗೊಂಬೆಗಳೂ ಆ ಖಾಲಿಯನ್ನೇ ಬಗ್ಗಿ ನೋಡುತ್ತಿದ್ದವು.

"ಮಗು ಎಲ್ಲಿ ಟೀಚರಮ್ಮ?"

"ಇಪ್ಪತ್ನಾಕನೇ ತಾರೀಕಿನ ತನಕ ಡಬ್ಬೀಲೇ ಇರ್ತೈತೆ. ಅಲ್ಲೀತನಕ ಕಾಯೋದು."

ನನ್ನ ಮುಖ ಹೇಗಾಯಿತೋ, ಅವರು ಮಣೆಯ ಮೇಲೆ ಕೂರಿಸಿಕೊಂಡರು. ತಮಗೆ ಮಕ್ಕಳಾಗಲಿಲ್ಲವೆಂದು, ಮದುವೆಯಾದ ಹೊಸದರಲ್ಲಿ ಈ ಗೋದಲಿ ಕಂಡರೆ ಎದೆ ಒಡೆಯುತ್ತಿತ್ತೆಂದು ಹೇಳಿದರು. ಮೂವತ್ತು ವರ್ಷ ಅದನ್ನೇ ನೋಡಿ ನೋಡಿ ತಮಗೊಂದು ಅರ್ಥ ಹೊಳೆಯಿತಂತೆ. "ಖಾಲಿ ಅಂದ್ರೆ ಇಲ್ಲ ಅಂತಲ್ಲ ಅಮ್ಮಾಯಿ. ಇನ್ನೂ ಬಂದಿಲ್ಲ ಅಂತ. ನಂಗೆ ಸ್ಕೂಲ್ ತುಂಬಾ ಬಂದ್ರು."

ಆ ಮಾತನ್ನು ನಾನು ಮಡಿಲಲ್ಲಿ ಕಟ್ಟಿಕೊಂಡು ಬಂದೆ. ದೇವಕಿ ಏಳು ಕಳೆದುಕೊಂಡು ಎಂಟನೆಯದನ್ನು ಹೆತ್ತಳೆಂದು ನಮ್ಮಮ್ಮ ಸಮಾಧಾನ ಮಾಡುತ್ತಿದ್ದಳು, ನನಗೇನೋ ಆ ಲೆಕ್ಕ ಕೇಳಿದರೇ ಭಯ. ಇನ್ನು ಐದು ಹೋಗಬೇಕಾ ಹಾಗಾದರೆ? ಟೀಚರಮ್ಮ ಹೇಳಿದ ಮರಿಯಮ್ಮನ ಕತೆಯಲ್ಲಿ ಹುಡುಗಿ ತುಂಬು ಬಸುರಿ, ಗಂಡನ ಜೊತೆ ಕತ್ತೆಯ ಮೇಲೆ ಊರಿಂದೂರಿಗೆ ಹೋಗುತ್ತಾಳೆ, ಯಾರೂ ಬಾಗಿಲು ತೆಗೆಯುವುದಿಲ್ಲ, ಆದರೂ ಹೆರುತ್ತಾಳೆ. ಅದು ನನಗೆ ಹಿಡಿಸಿತು. ರೊಟ್ಟಿ ತಟ್ಟುತ್ತಾ, ಹಿಟ್ಟು ನಾದುತ್ತಿದ್ದ ಅತ್ತೆಗೆ ಹೇಳಿದೆ.

"ತುಂಬ್ದ ಬಸುರೀನ ಕತ್ತೆ ಮ್ಯಾಲೆ ಕೂರಿಸ್ಕೊಂಡು ಹೋದ್ನಾ? ಅವ್ಳ ಅತ್ತೆ ಎಲ್ಲಿದ್ಲಂತೆ?" ಎಂದರು ನಮ್ಮತ್ತೆ. ನಾನು ನಗು ತಡೆಯಲಾರದೆ ನಕ್ಕುಬಿಟ್ಟೆ, ಆ ನಗುವಿನಲ್ಲೇ ಖಾಲಿ ಗೋದಲಿಯ ವಿಷಯವನ್ನೂ ಹೇಳಿಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ, ಮೊದಲಿಂದಲೂ.

ಅತ್ತೆಯ ಕೈ ಹಿಟ್ಟಿನಲ್ಲೇ ನಿಂತಿತು. "ಖಾಲಿ ತೊಟ್ಲು ಮುಂದೆ ಕೂತಿದ್ದೇನೇ? ಎಲ್ಡು ನುಂಗ್ಕೊಂಡಿದ್ದು ಸಾಲ್ದಾ ನಿಂಗೆ?" ಅಷ್ಟೇ ಅಂದಿದ್ದು. ಎದ್ದು ಕೈ ತೊಳೆದು ಹೊರಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಟೀಚರಮ್ಮನ ಬಾಗಿಲ ಮೇಲೆ ಕಾಗದದ ನಕ್ಷತ್ರ ತೂಗುತ್ತಿತ್ತು, ಒಳಗೊಂದು ಕೆಂಪು ಬಲ್ಬು. ಸಂಜೆ ಆರಾದರೆ ಅದರ ಬೆಳಕು ನಮ್ಮ ಹೊಸಿಲಿನ ಮೇಲೆ ಬೀಳುತ್ತಿತ್ತು. ಹೋದ ವರ್ಷವೂ ಬಿದ್ದಿತ್ತು, ನೋಡಿರಲಿಲ್ಲ. ಈಗ ದಾಟುವಾಗೆಲ್ಲ ಸೆರಗೆತ್ತಿ ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದೆ.

ನಮ್ಮಲ್ಲಿ ಖಾಲಿ ತೊಟ್ಟಿಲು ತೂಗುವುದಿಲ್ಲ. ನಾಮಕರಣದ ದಿನ ಮಗುವನ್ನು ಮಲಗಿಸುವ ಮುಂಚೆ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಅರಿಶಿನ ಕುಂಕುಮವಿಟ್ಟು ಅದನ್ನು ಮಲಗಿಸುತ್ತೇವೆ. ಏನು ಕೇಡು ಬರಬೇಕಿದ್ದರೂ ಮೊದಲು ಕಲ್ಲಿಗೆ ಬರಲಿ, ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಎರಡು ದಿನ ಯೋಚಿಸಿದೆ. ಆ ಪುಟ್ಟ ಗೋದಲಿಗೆ ಒರಳಿನ ಗುಂಡು ಹಿಡಿಯುವುದಿಲ್ಲ. ಹಿತ್ತಲಲ್ಲಿ ನಿಂಬೆಹಣ್ಣಿನಷ್ಟು ನುಣುಪಾದ ಕಲ್ಲೊಂದನ್ನು ಹುಡುಕಿ, ತೊಳೆದು, ಎಣ್ಣೆ ಹಚ್ಚಿ, ಅರಿಶಿನದ ಬೊಟ್ಟಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎರಡನೇ ಭಾನುವಾರ ಅತ್ತೆ ರೇಷನ್ ಅಂಗಡಿಗೆ ಹೋದ ಹೊತ್ತಿನಲ್ಲಿ ಪಕ್ಕದ ಮನೆಗೆ ಹೋದೆ. ಟೀಚರಮ್ಮ ಟೀ ಮಾಡಲು ಎದ್ದಾಗ ಕಲ್ಲನ್ನು ಗೋದಲಿಯಲ್ಲಿ ಮಲಗಿಸಿದೆ.

ಲೋಟ ಹಿಡಿದು ಬಂದವರು ಅದನ್ನು ನೋಡಿದರು. ನಾನು ನೆಲ ನೋಡುತ್ತಾ ನಮ್ಮ ಶಾಸ್ತ್ರವನ್ನು ಹೇಳಿದೆ. ತೆಗೆದು ಬಿಸಾಡುತ್ತಾರೆ ಎಂದುಕೊಂಡಿದ್ದೆ. ಅವರು ಕಲ್ಲಿನ ಕೆಳಗೆ ಇನ್ನೊಂದಿಷ್ಟು ಹುಲ್ಲು ಸರಿಸಿದರು.

"ಇರ್ಲಿ ಬಿಡು. ನಿನ್ನ ಭಯ ಇಲ್ಲಿ ಮಲಗ್ಲಿ, ನೀನು ಮನೇಲಿ ನಿದ್ದೆ ಮಾಡು."

ನಿದ್ದೆ ಬಂತು, ನಿಜ. ಐದು ದಿನ ಚೆನ್ನಾಗಿ ಮಲಗಿದೆ. ಇನ್ನು ಈ ಮಗುವಿಗೆ ಏನೂ ಆಗದು, ಜಾಗ ಭದ್ರವಾಗಿದೆ ಅಂತ. ಟೀಚರಮ್ಮ ನನ್ನ ಭಯಕ್ಕೆ ಜಾಗ ಕೊಟ್ಟಿದ್ದರು. ನಾನು ಮಗುವಿಗೇ ಕಾವಲು ಸಿಕ್ಕಿತೆಂದು ತಿಳಿದುಕೊಂಡೆ.

ಶುಕ್ರವಾರ ಮಧ್ಯಾಹ್ನ ಉಂಡು ಎಡಮಗ್ಗುಲಿಗೆ ಮಲಗಿದಾಗ ಅದು ಒದೆಯಲಿಲ್ಲ. ಉಂಡ ಕೂಡಲೇ ಒದೆಯುವುದು ಅದರ ರೂಢಿ. ನಿದ್ದೆ ಮಾಡುತ್ತಿರಬೇಕು ಎಂದುಕೊಂಡೆ. ಸಂಜೆ ಬೆಲ್ಲ ತಿಂದೆ, ತಣ್ಣೀರು ಕುಡಿದೆ. ಶನಿವಾರವೂ ಇಲ್ಲ. ಹೊಟ್ಟೆ ಒಂದೇ ಕಡೆ ಭಾರವಾಗಿ, ನಾನು ಹೊರಳಿದ ಕಡೆ ಹೊರಳುತ್ತಿತ್ತು... ಯಾರಿಗೂ ಹೇಳಲಿಲ್ಲ. ಏಳನೇ ತಿಂಗಳಿನ ಆ ಮಗುವಿನ ಸಲ "ಯಾಕೋ ಆಡ್ತಿಲ್ಲ" ಎಂದು ನಾನೇ ಬಾಯಿಬಿಟ್ಟಿದ್ದೆ. ಅಂದ ಮೇಲೇ ಅದು ನಿಜವಾಯಿತು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅನ್ನದಿದ್ದರೆ ಇನ್ನೂ ಆಗಿಲ್ಲ. ಅಂಥ ಬುದ್ಧಿ ನನ್ನದು.

ಮೂರನೇ ಭಾನುವಾರ. ಬೆಳಿಗ್ಗೆ ಎಂಟಾದರೂ ಮಂಜು ಹರಿದಿರಲಿಲ್ಲ. ಅತ್ತೆಯ ಕಣ್ಣು ತಪ್ಪಿಸಿ ಪಕ್ಕದ ಮನೆಗೆ ಹೋದೆ. ಟೀಚರಮ್ಮ ಚರ್ಚಿಗೆ ಹೊರಡುವ ಮುಂಚೆ ಗುಲಾಬಿ ಬಣ್ಣದ ಮೂರನೇ ಬತ್ತಿ ಹಚ್ಚಿದರು. ಇದು ಸಂತೋಷದ ಬತ್ತಿಯಂತೆ. ಹಚ್ಚಿ ನನ್ನ ಮುಖ ನೋಡಿದರು.

"ಮಗು ಆಡ್ತಾ ಐತಾ ಅಮ್ಮಾಯಿ?"

"ಆಡ್ತೈತೆ."

ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಚರ್ಚಿಗೆ ಆಮೇಲೆ ಹೋಯ್ತೀನಿ. ಆಟೋ ಕರೀಲಾ? ಆಸ್ಪತ್ರೆಗೆ ಹೋಗಿ ಒಂದ್ಸಲ ತೋರಿಸ್ಕೊಂಡು ಬರೋಣ."

"ಎಂಟ್ನೇ ತಿಂಗ್ಳು. ನಮ್ಮತ್ತೆ ಬಿಡಾಕಿಲ್ಲ." ಹಾಗೆಂದು ಗೋದಲಿಯ ಕಡೆ ನೋಡಿದೆ. ಎಣ್ಣೆ ಒಣಗಿ ಕಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು, ಅರಿಶಿನದ ಬೊಟ್ಟು ಮಾತ್ರ ಹಾಗೇ ಇತ್ತು. ಎದ್ದು ಬಂದುಬಿಟ್ಟೆ.

ಮಂಗಳವಾರ ನೋವು ಬಂತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಮೆಷಿನ್ ಇಟ್ಟು, ಸರಿಸಿ, ಮತ್ತೆ ಇಟ್ಟು, ಅದನ್ನು ಪಕ್ಕಕ್ಕಿಟ್ಟರು. ಮೂರ್ನಾಲ್ಕು ದಿನವಾಗಿರಬೇಕು, ನಿಮಗೆ ಗೊತ್ತಾಗಲಿಲ್ಲವಾ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಹೆಣ್ಣು ಮಗು. ಕೂದಲು ದಟ್ಟವಾಗಿತ್ತು. ನೋಡಬಾರದೆಂದು ಬಟ್ಟೆ ಸುತ್ತಿಬಿಟ್ಟರು, ಆದರೂ ನೋಡಿದೆ.

ಮನೆಗೆ ಬಂದ ದಿನ ಅತ್ತೆ ಸೀದಾ ಪಕ್ಕದ ಬಾಗಿಲಿಗೆ ಹೋದರು. ನಾನು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಒಂದೊಂದು ಮಾತೂ ಕೇಳಿಸಿತು. "ಬಂಜೆ ಮನೇಲಿ ಖಾಲಿ ತೊಟ್ಲು ಇಟ್ಕೊಂಡು ನನ್ನ ಸೊಸೇನ ಕರ್ದು ಕೂರಿಸ್ಕೊಂಡೆ. ನಿನ್ನ ತೊಟ್ಲೇ ನುಂಗ್ಬುಡ್ತು." ಬೀದಿಯವರೆಲ್ಲ ಸೇರಿದ್ದರು. ಟೀಚರಮ್ಮ ವಾದಿಸಲಿಲ್ಲ. ನಾನು ಕರೀಬಾರದಿತ್ತು, ತಪ್ಪಾಯಿತು ಎಂದರು, ಅಷ್ಟೇ. ನನ್ನ ಬಾಯಲ್ಲಿ ಒಂದು ಮಾತಿತ್ತು. ಎದ್ದು ಬಾಗಿಲಿಗೆ ಹೋಗಿ ಆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೀಗವಿಲ್ಲದ ನನ್ನ ಬಾಯಿ ಅವತ್ತು ತೆರೆಯಲಿಲ್ಲ.

ಐದನೇ ದಿನ ನನ್ನನ್ನು ಹಿಂದೂಪುರಕ್ಕೆ ಸಾಗಿಸಿದರು. ಮಗುವಿಲ್ಲವೆಂದು ಮೈಗೆ ಗೊತ್ತಿಲ್ಲವಲ್ಲ, ಹಾಲು ಬಂತು. ಎದೆ ಕಲ್ಲಾಯಿತು. ಹಾಲು ಬತ್ತಲೆಂದು ಅಮ್ಮ ಮಲ್ಲಿಗೆ ಹೂವನ್ನು ಬಟ್ಟೆಯಲ್ಲಿಟ್ಟು ಎದೆಗೆ ಬಿಗಿದು ಕಟ್ಟುತ್ತಿದ್ದಳು. ಇವತ್ತಿಗೂ ನಾನು ಮಲ್ಲಿಗೆ ಮುಡಿಯುವುದಿಲ್ಲ.

ಕ್ರಿಸ್ಮಸ್ ದಿನ ಬೆಳಿಗ್ಗೆ ಟೀಚರಮ್ಮ ಬಂದರು. ಚರ್ಚು ಬಿಟ್ಟು, ಎರಡು ಬಸ್ಸು ಬದಲಾಯಿಸಿ, ಹಳೇ ಸೀರೆಯಲ್ಲಿ. ಅಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ. ನನ್ನ ಕಾಲ ಬಳಿ ಕೂತರು. ಗೊಂಬೆಗಳನ್ನೆಲ್ಲ ಟ್ರಂಕಿಗೆ ತುಂಬಿದೆ, ಇನ್ನು ಇಡುವುದಿಲ್ಲ ಎಂದರು. ಆಮೇಲೆ ತಮ್ಮಲ್ಲೇ ಎಂಬಂತೆ, "ಖಾಲಿಗೆ ನಾನೊಂದು ಅರ್ಥ ಮಾಡ್ಕೊಂಡಿದ್ದೆ. ನಂಗೊಬ್ಳಿಗೇ ಇಟ್ಕೋಬೇಕಿತ್ತು. ನಿಂಗೂ ಕೊಟ್ಟೆ ನೋಡು. ಕ್ಷಮಿಸಮ್ಮ" ಎಂದರು.

ಅವರ ಕೈ ನನ್ನ ಪಾದದ ಮೇಲಿತ್ತು. ಅಮ್ಮ ಅಡುಗೆಮನೆಯಲ್ಲಿದ್ದಳು, ಬೇರೆ ಯಾರೂ ಇರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂತೆಂದುಕೊಂಡು ಅವರು ಮೆಲ್ಲನೆ ಎದ್ದು ಹೋದರು. ಚಪ್ಪಲಿ ಮೆಟ್ಟಿದ ಸದ್ದು, ಗೇಟಿನ ಸದ್ದು... ನಾನು ಎಚ್ಚರವಾಗಿಯೇ ಇದ್ದೆ.

ಮತ್ತೆ ಕಲ್ಯಾಣದುರ್ಗಕ್ಕೆ ಹೋಗಲಿಲ್ಲ. ನನ್ನವರಿಗೆ ಪೆನುಕೊಂಡದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಹಿಂದೂಪುರದಲ್ಲೇ ಮನೆ ಮಾಡಿದೆವು. ಎರಡು ವರ್ಷಕ್ಕೆ ಮಗ ಹುಟ್ಟಿದ. "ನೋಡ್ದಾ, ಆ ತೊಟ್ಲಿಂದ ದೂರ ಬಂದ್ಮ್ಯಾಲೆ ಹೆಂಗೆ ನಿಂತ್ಕೊಂತು" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಅದಕ್ಕೂ ಸುಮ್ಮನಿದ್ದೆ. ಟೀಚರಮ್ಮನ ಬಾಗಿಲಲ್ಲಿ ಆಮೇಲೆ ನಕ್ಷತ್ರವೂ ತೂಗಲಿಲ್ಲವೆಂದು, ಬೀದಿಯ ಬಸುರಿಯರು ಎದುರು ಬಂದರೆ ಟೀಚರಮ್ಮನೇ ಆ ಕಡೆ ತಿರುಗಿ ನಡೆಯುತ್ತಿದ್ದರೆಂದು ಯಾರೋ ಹೇಳಿದ್ದರು. ಹೋದ ಬೇಸಿಗೆಯಲ್ಲಿ ತೀರಿಕೊಂಡರಂತೆ. ಸುದ್ದಿ ನನಗೆ ಮುಟ್ಟಿದ್ದು ತಿಂಗಳು ಕಳೆದ ಮೇಲೆ.

ಮೊನ್ನೆ ಬಜಾರಿನಿಂದ ಬಂದವಳು ತಡೆಯಲಾರದೆ ನನ್ನವರಿಗೆ ಹೇಳಿಬಿಟ್ಟೆ. ಅವರು ವರಾಂಡದಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದರು, ಒಳಗೆ ಅತ್ತೆ ಟಿವಿ ಹಾಕಿಕೊಂಡಿದ್ದರು. ಶುಕ್ರವಾರದಿಂದಲೇ ಮಗು ಆಡಿರಲಿಲ್ಲ, ನನಗೆ ಗೊತ್ತಿತ್ತು, ಟೀಚರಮ್ಮ ಕೇಳಿದರೂ ಸುಳ್ಳು ಹೇಳಿದೆ, ಅವರು ಆಟೋ ಕರೀತೀನಿ ಅಂದರೂ ಬರಲಿಲ್ಲ. ಒಂದೇ ಉಸಿರಿಗೆ ಹೇಳಿದೆ.

ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಮೂರ್ನಾಕು ದಿನ ಆಗೈತೆ ಅಂತ ಡಾಕ್ಟ್ರಮ್ಮ ನಂಗೂ ಹೇಳಿದ್ರು. ನಿಂಗೆ ತಿಳೀದೆ ಇರಾಕಿಲ್ಲ ಅಂತ ಅವತ್ತೇ ಅನ್ಕೊಂಡೆ."

"ಮತ್ತೆ ನಿಮ್ಮಮ್ಮ ಅವ್ರ ಬಾಗಿಲಲ್ಲಿ ನಿಂತು ಕೂಗಾಡುವಾಗ?"

"ಅಲ್ಲೇ ಇದ್ದೆ." ಟಿವಿಯ ಕಡೆ ಕಿವಿಯಿಟ್ಟು, ದನಿ ತಗ್ಗಿಸಿ ಅಂದರು. "ತಪ್ಪು ಯಾರ್ ಮ್ಯಾಲಾದ್ರೂ ಬರ್ಬೇಕಿತ್ತು ಕಣೇ. ನಿನ್ ಮ್ಯಾಲೆ ಬಂದಿದ್ರೆ ಈ ಮನೇಲಿ ನೀನು ಉಳೀತಿದ್ದಾ?"

ನಾನು ಉಳಿದೆ. ಆ ಬೀದಿಯಲ್ಲಿ ಏಳೆಂಟು ವರ್ಷ ಅದನ್ನು ಹೊತ್ತುಕೊಂಡು ಓಡಾಡಿದವರು ಟೀಚರಮ್ಮ.