ಹನ್ನೊಂದು ಗಂಟೆಯ ಸಾಕ್ಷಿ

ಸೆಕ್ಷನ್ ಆಫೀಸರ್ ದೇವೇಂದ್ರಪ್ಪನವರು ಪ್ರತಿದಿನ ಹನ್ನೊಂದಕ್ಕೆ ಐದು ನಿಮಿಷವಿರುವಾಗ ದಂಡಯಾತ್ರೆಗೆ ಹೊರಡುತ್ತಿದ್ದರು. ದೆಹಲಿಯ ಆರ್.ಕೆ.ಪುರಂನ ಆ ಸರ್ಕಾರಿ ಕಟ್ಟಡದ ಮೂರನೆಯ ಮಹಡಿಯಲ್ಲಿ ಅವರ ಕುರ್ಚಿ, ನೆಲಮಹಡಿಯ ಹಿಂಭಾಗದಲ್ಲಿ ಕ್ಯಾಂಟೀನು. ನಡುವೆ ಅರವತ್ತೆರಡು ಮೆಟ್ಟಿಲು, ಇಬ್ಬರು ಮೇಲಧಿಕಾರಿಗಳ ತೆರೆದ ಬಾಗಿಲು, ಮತ್ತು ಯಾರು ಎಲ್ಲಿಗೆ ಹೋದರೆಂದು ನೋಡುವುದೇ ದೇಶಸೇವೆಯೆಂದು ನಂಬಿದ್ದ ಒಬ್ಬ ಜವಾನ. ಇಷ್ಟೂ ಕೋಟೆಗಳನ್ನು ದಾಟಲು ಅವರ ಬಳಿ ಇದ್ದ ಆಯುಧ ಒಂದೇ: ಮೂವ್‌ಮೆಂಟ್ ರಿಜಿಸ್ಟರ್. ಸೀಟು ಬಿಟ್ಟು ಹೋಗುವವರು ಎಲ್ಲಿಗೆ, ಯಾವ ಕೆಲಸಕ್ಕೆ, ಹೋದದ್ದು ಎಷ್ಟು ಹೊತ್ತಿಗೆ, ಬಂದದ್ದು ಎಷ್ಟು ಹೊತ್ತಿಗೆ ಎಂದು ಬರೆಯಬೇಕಾದ ಉದ್ದನೆಯ ಪುಸ್ತಕ ಅದು. ದೇವೇಂದ್ರಪ್ಪನವರು ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ‘ಬೇರೆ ಇಲಾಖೆಗೆ, ಫೈಲ್ ನಿಮಿತ್ತ’ ಎಂದು ಬರೆದು, ಖಾಲಿ ಫೈಲೊಂದನ್ನು ಗುರಾಣಿಯಂತೆ ಎದೆಗವಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

ಬೇರೆ ಇಲಾಖೆಯೆಂದರೆ ಗುಂಡಣ್ಣನ ಇಲಾಖೆ. ಕ್ಯಾಂಟೀನಿನ ಗುತ್ತಿಗೆದಾರ ಭಾಟಿಯಾನ ಬಳಿ ಗುಂಡಣ್ಣ ಅಡುಗೆಯವನು. ತಿಪಟೂರಿನ ಕಡೆಯವನು, ದೇವೇಂದ್ರಪ್ಪನವರ ಓರಗೆಯವನೇ. ಹನ್ನೊಂದಕ್ಕೆ ಸರಿಯಾಗಿ ಅವನ ಬಾಣಲೆಯಿಂದ ಮೊದಲ ಒಬ್ಬೆ ಉದ್ದಿನವಡೆ ಏಳುತ್ತಿತ್ತು. ಹನ್ನೊಂದೂವರೆಗೆ ಪಂಜಾಬು, ಹರಿಯಾಣ, ಬಿಹಾರದ ಸೇನೆಗಳು ಒಟ್ಟಾಗಿ ನುಗ್ಗಿ ಬಾಣಲೆಯನ್ನು ಸೂರೆಗೈಯುತ್ತಿದ್ದವು. ಆದ್ದರಿಂದ ಮೊದಲ ಒಬ್ಬೆಯ ನಾಲ್ಕು ವಡೆ ಕನ್ನಡ ನಾಡಿನ ಪ್ರತಿನಿಧಿಗೆ ಮೀಸಲು. ಅವುಗಳನ್ನು ಅವರು ಅಡುಗೆಮನೆಯೊಳಗೇ ನಿಂತು, ಗುಂಡಣ್ಣ ಚಟ್ನಿ ರುಬ್ಬುವುದನ್ನು ನೋಡುತ್ತಾ ತಿನ್ನುತ್ತಿದ್ದರು.

ಇದನ್ನು ಬರೀ ಬಾಯಿಚಪಲವೆಂದುಕೊಂಡರೆ ಅವರಿಗೆ ಅನ್ಯಾಯ ಮಾಡಿದಂತೆ. ಮುಕ್ಕಾಲು ಪಾಲು ಬಾಯಿಚಪಲವೇ ನಿಜ. ಉಳಿದ ಕಾಲು ಪಾಲಿನ ಕಥೆ ಬೇರೆ. ಎಂಬತ್ತೈದರಲ್ಲಿ ಹರಿಹರದಿಂದ ದೆಹಲಿಗೆ ಬಂದ ಹೊಸತರಲ್ಲಿ ದೇವೇಂದ್ರಪ್ಪನವರಿಗೆ ಕಾಮಾಲೆಯಾಗಿತ್ತು. ಕಿದ್ವಾಯಿ ನಗರದ ಒಂದು ಕೋಣೆಯಲ್ಲಿ ಅರಿಶಿನದ ಬೊಂಬೆಯಂತೆ ಬಿದ್ದುಕೊಂಡಿದ್ದ ಅವರಿಗೆ, ಆಗಷ್ಟೇ ಪರಿಚಯವಾಗಿದ್ದ ಗುಂಡಣ್ಣ ನಲವತ್ತು ದಿನ ಬಸ್ಸು ಹತ್ತಿ ಗಂಜಿ, ತಿಳಿಸಾರು, ಮಜ್ಜಿಗೆ ತಂದುಕೊಟ್ಟ. ಒಮ್ಮೆ ದುಡ್ಡಿನ ಮಾತೆತ್ತಿದಾಗ ಅವನಿಗೆ ಸಿಟ್ಟೇ ಬಂದಿತ್ತು.

“ನಿಮ್ಮ ಹರಿಹರದಲ್ಲಿ ಕಾಯಿಲೆ ಬಿದ್ದೋರಿಗೆ ಬಿಲ್ ಕೊಡ್ತಾರಾ ಸಾರ್?”

ಹರಿಹರದ ಮಾನ ಉಳಿಸಲು ದೇವೇಂದ್ರಪ್ಪನವರು ದುಡ್ಡನ್ನು ಮತ್ತೆ ಜೇಬಿಗಿಳಿಸಿದರು. ತಾವು ಬದುಕಿರುವುದೇ ಆ ತಿಳಿಸಾರಿನ ದೆಸೆಯಿಂದ ಎಂಬ ನಂಬಿಕೆ ಮಾತ್ರ ಅವರನ್ನು ಬಿಟ್ಟು ಹೋಗಲಿಲ್ಲ.

ಎರಡು ಸಾವಿರದ ಮೂರನೆಯ ಇಸವಿ ಜನವರಿ ಒಂಬತ್ತು. ಎದುರಿನ ಮನುಷ್ಯ ಕಾಣದಷ್ಟು ಮಂಜು, ಕೈ ಮರಗಟ್ಟುವ ಚಳಿ. ರುಬ್ಬುವ ಯಂತ್ರದ ಬೆಲ್ಟಿಗೆ ಮುಚ್ಚಳವಿರಲಿಲ್ಲ; ಹಾಕಿಸಿಕೊಡಿ ಎಂದು ಗುಂಡಣ್ಣ ಭಾಟಿಯಾನನ್ನು ದೀಪಾವಳಿಯಿಂದ ಕೇಳುತ್ತಿದ್ದ. ಹನ್ನೊಂದು ಇಪ್ಪತ್ತಕ್ಕೆ ಬೆಲ್ಟು ಅವನ ಸ್ವೆಟರಿನ ತೋಳನ್ನು ಹಿಡಿದೆಳೆಯಿತು. ದೇವೇಂದ್ರಪ್ಪನವರು ಮೂರನೆಯ ವಡೆಯನ್ನು ಎಸೆದು ಸ್ವಿಚ್ಚಿನ ಮೇಲೆ ಬೀಳುವಷ್ಟರಲ್ಲಿ ಬಲಗೈಯ ಎರಡು ಬೆರಳು ಹೋಗಿದ್ದವು. ತಮ್ಮ ಮಫ್ಲರಿನಲ್ಲಿ ಕೈ ಸುತ್ತಿ, ಆಟೋ ಹಿಡಿದು, ಆಸ್ಪತ್ರೆಗೆ ಕರೆದೊಯ್ದವರು ಅವರೇ. ಅಂದು ಅವರು ಮತ್ತೆ ಕಚೇರಿಗೆ ಹೋಗಲಿಲ್ಲ.

ಪರಿಹಾರದ ಅರ್ಜಿ ಕಾರ್ಮಿಕ ಆಯುಕ್ತರ ಮುಂದೆ ಬಂದಾಗ ಭಾಟಿಯಾ ಕೈ ಮುಗಿದು ಹೇಳಿದ: ಆ ದಿನ ಗುಂಡಣ್ಣ ಕೆಲಸಕ್ಕೇ ಬಂದಿರಲಿಲ್ಲ; ಮುನಿರ್ಕಾದ ತನ್ನ ಕೋಣೆಯಲ್ಲಿ ದೋಸೆಹಿಟ್ಟು ರುಬ್ಬಿ ಮಾರುತ್ತಾನೆ, ಬೆರಳು ಅಲ್ಲೇ ಕಳಕೊಂಡಿದ್ದಾನೆ. ಕ್ಯಾಂಟೀನಿನ ಹಾಜರಿ ಪುಸ್ತಕ ಭಾಟಿಯಾನ ಕೈಯಲ್ಲೇ ಇತ್ತು, ಅದೂ ಹಾಗೆಯೇ ಹೇಳಿತು. ಕ್ಯಾಂಟೀನಿನ ಉಳಿದ ನಾಲ್ವರು ಕೆಲಸಗಾರರಿಗೆ ಆ ದಿನ ಒಟ್ಟಿಗೇ ಕಣ್ಣು ಮಂಜಾಗಿತ್ತಂತೆ. ಉಳಿದದ್ದು ಒಬ್ಬನೇ ಸಾಕ್ಷಿ.

ಆ ಸಾಕ್ಷಿ ಇಸ್ತ್ರಿ ಮಾಡಿದ ಕೋಟು ತೊಟ್ಟು, ಸಿಂಹದಂತೆ ಕಟಕಟೆ ಹತ್ತಿದರು. ಭಾಟಿಯಾನ ಬಿಳಿಮೀಸೆಯ ವಕೀಲರು ಬಲು ಮೆಲ್ಲಗೆ ಕೇಳಿದರು: “ನೀವು ನೋಡಿದಾಗ ಎಷ್ಟು ಗಂಟೆ, ಸಾಬ್?”

ಸಿಂಹದ ಕಣ್ಣ ಮುಂದೆ ಮೂವ್‌ಮೆಂಟ್ ರಿಜಿಸ್ಟರ್ ತೆರೆದುಕೊಂಡಿತು. ಕೆಲಸದ ಹೊತ್ತಿನಲ್ಲಿ ಕ್ಯಾಂಟೀನ್, ರಿಜಿಸ್ಟರಿನಲ್ಲಿ ಸುಳ್ಳು, ಮೆಮೋ, ಬಡ್ತಿಗೆ ಕಲ್ಲು.

“ಮಧ್ಯಾಹ್ನ ಒಂದೂವರೆ,” ಎಂದರು. “ಊಟದ ವಿರಾಮದಲ್ಲಿ.”

ವಕೀಲರು ಆಸ್ಪತ್ರೆಯ ಚೀಟಿಯನ್ನು ಮೇಜಿನ ಮೇಲಿಟ್ಟರು. ಗುಂಡಣ್ಣನನ್ನು ದಾಖಲಿಸಿಕೊಂಡ ಹೊತ್ತು: ಹನ್ನೊಂದು ಐವತ್ತೈದು. “ಹುಜೂರ್, ಬೆರಳು ತುಂಡಾಗುವ ಒಂದೂವರೆ ಗಂಟೆ ಮೊದಲೇ ಪಟ್ಟಿ ಕಟ್ಟಿಸಿಕೊಂಡ ಮುಂದಾಲೋಚನೆಯ ಮನುಷ್ಯ ಇವನು!” ಕೋಣೆಯೆಲ್ಲ ನಕ್ಕಿತು. ಲಗತ್ತಿಸಿದ ಕಾಗದವೆಲ್ಲಿ ಎಂದು ಕೇಳುತ್ತಲೇ ಹದಿನೆಂಟು ವರ್ಷ ಜನರ ಫೈಲುಗಳನ್ನು ವಾಪಸು ಕಳಿಸಿದ್ದ ದೇವೇಂದ್ರಪ್ಪನವರಿಗೆ ಈ ಒಂದು ಕಾಗದ ಹೊಳೆದಿರಲಿಲ್ಲ. ಸಾಕ್ಷಿ ನಂಬಿಕೆಗೆ ಅರ್ಹನಲ್ಲವೆಂದು ಬರೆದು ಆಯುಕ್ತರು ಅರ್ಜಿಯನ್ನು ವಜಾ ಮಾಡಿದರು.

ಹೊರಗೆ ಗುಂಡಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಹೋಗ್ಲಿ ಬಿಡಿ ಸಾರ್. ನೀವು ಬಂದ್ರಲ್ಲ, ಅದೇ ದೊಡ್ಡದು. ಮಿಕ್ಕೋರು ಬರ್ಲೇ ಇಲ್ಲ,” ಎಂದು ಅವರಿಗೇ ಚಹಾ ಕುಡಿಸಿದ.

ಆಮೇಲೆ ಮೂರು ವರ್ಷ ಅವನು ಒಂದು ಚಹಾದಂಗಡಿಯಲ್ಲಿ ಲೋಟ ತೊಳೆದ. ಎರಡು ಬೆರಳಿಲ್ಲದ ಅಡುಗೆಯವನನ್ನು ಯಾರೂ ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮುನಿರ್ಕಾದಲ್ಲಿ ಒಬ್ಬ ಮೆಸ್ಸಿನವನು ಪಾಲುದಾರನಾಗೆಂದು ಕರೆಯುತ್ತಿದ್ದ. ಹಾಕಲು ಬಂಡವಾಳವಿಲ್ಲ, ಪರಿಹಾರ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ದೇವೇಂದ್ರಪ್ಪನವರ ಸ್ನೇಹಿತರ ಮಗಳು ಕೃತಿ ಆಗತಾನೇ ಕರಿ ಕೋಟು ಹಾಕಿದ್ದಳು. ಬೆಳೆದದ್ದೆಲ್ಲ ದೆಹಲಿಯದೇ ರೋಹಿಣಿ ಬಡಾವಣೆಯಲ್ಲಿ, ಕನ್ನಡ ಅರ್ಧ, ಧೈರ್ಯ ಪೂರ್ತಿ. ಹುಡುಗಿ ಫೀಸಿಲ್ಲದೆ ಮೇಲ್ಮನವಿ ಹಾಕಿ, ಎಡತಾಕಿ, ಎರಡು ಸಾವಿರದ ಆರರ ಕೊನೆಗೆ ಮೇಲಿನ ಕೋರ್ಟಿನಿಂದ ಒಂದು ಮಾತು ಬರೆಸಿಕೊಂಡು ಬಂದಳು: ಸಾಕ್ಷಿ ಹೊತ್ತು ತಪ್ಪಿ ಹೇಳಿದನೆಂಬ ಮಾತ್ರಕ್ಕೆ ಕಣ್ಣಾರೆ ಕಂಡದ್ದನ್ನೂ ಎಸೆಯಬೇಕಿಲ್ಲ, ಯಾಕೆ ಹಾಗೆ ಹೇಳಿದನೆಂದು ಅವನನ್ನು ಯಾರೂ ಕೇಳಲೇ ಇಲ್ಲ, ಮತ್ತೊಮ್ಮೆ ಕರೆದು ಕೇಳಿ.

“ಈಗ ನಾನು ಕೇಳ್ತಿದೀನಿ ಅಂಕಲ್,” ಎಂದಳು ಕೃತಿ. “ಸಚ್ ಬತಾಯಿಯೇ, ನಿಜ ಹೇಳಿ. ಒಂದೂವರೆ ಅಂತ ಯಾಕೆ ಹೇಳಿದ್ರಿ?”

ದೇವೇಂದ್ರಪ್ಪನವರು ಚಾವಣಿ ನೋಡಿದರು, ಫ್ಯಾನು ನೋಡಿದರು, ಕೊನೆಗೆ ಏಳು ವರ್ಷದ ವಡೆಯಿಂದ ಹಿಡಿದು ರಿಜಿಸ್ಟರಿನವರೆಗೆ ಎಲ್ಲವನ್ನೂ ಒಪ್ಪಿಸಿದರು.

“ಏಳು ವರ್ಷ? ರೋಜ್?”

“ರಜಾ ದಿನ ಬಿಟ್ಟು,” ಎಂದರು, ಸಣ್ಣ ದನಿಯಲ್ಲಿ. “ಬಡ್ತಿ ಪಟ್ಟಿ ಮಾರ್ಚಲ್ಲಿ ಬರುತ್ತಮ್ಮ.”

“ಹಿಯರಿಂಗ್ ಫೆಬ್ರವರಿ.” ಹುಡುಗಿ ಪೆನ್ನು ಕೆಳಗಿಟ್ಟಳು. “ಅಂಕಲ್, ಆಧಾ ಸಚ್ ಹೇಳಿದ್ರೆ ಆ ವಕೀಲರು ಪೂರಾ ಹರಿದುಹಾಕ್ತಾರೆ. ಪೂರಾ ಹೇಳೋಕಾಗಲ್ಲ ಅಂದ್ರೆ ಬರಲೇಬೇಡಿ. ನಾನು ಬೇಜಾರು ಮಾಡ್ಕೊಳ್ಳಲ್ಲ.”

ಕಿದ್ವಾಯಿ ನಗರಕ್ಕೆ ಮರಳುವ ಬಸ್ಸಿನಲ್ಲಿ ಆ ಮಹಾವೀರರು ತಮ್ಮೊಡನೆಯೇ ಘೋರ ಯುದ್ಧ ಮಾಡಿದರು. ಒಂದು ಕಡೆ ಅಂಡರ್ ಸೆಕ್ರೆಟರಿಯ ಪದವಿ, ಬೇರೆ ಕೋಣೆ, ಬಾಗಿಲ ಮೇಲೆ ಹೆಸರಿನ ಫಲಕ. ಇನ್ನೊಂದು ಕಡೆ ಒಂದು ಕ್ಯಾರಿಯರ್ ತಿಳಿಸಾರು. ಸಫ್ದರ್‌ಜಂಗಿನ ಹತ್ತಿರ ಪದವಿ ಗೆಲ್ಲುತ್ತಿತ್ತು. ಇಳಿಯುವ ಹೊತ್ತಿಗೆ ಸಾರು ಗೆದ್ದಿತ್ತು.

ಫೆಬ್ರವರಿಯಲ್ಲಿ ಹೊಸ ಕಮಿಷನರ್ ಮೇಡಂ ಎದುರು ಅವರು ಸರಿಯಾದ ಹೊತ್ತು ಹೇಳಿದರು: ಹನ್ನೊಂದು ಇಪ್ಪತ್ತು. ಬಿಳಿಮೀಸೆಯ ವಕೀಲರು ಈ ಗಳಿಗೆಗೇ ಕಾದಿದ್ದವರಂತೆ ಎದ್ದರು. ಆಗಿನ್ನೂ ಹೊಸದಾಗಿದ್ದ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ರಿಜಿಸ್ಟರಿನ ಆ ದಿನದ ಸಾಲಿನ ನಕಲು ತಂದಿದ್ದರು.

“ಇದು ನಿಮ್ಮ ಅಕ್ಷರವೇ?”

“ನನ್ನದೇ.”

“ಹತ್ತು ಐವತ್ತೈದಕ್ಕೆ ಬೇರೆ ಇಲಾಖೆಗೆ ಹೋದಿರಿ ಅಂತ ಬರೆದಿದ್ದೀರಿ. ಅಂದರೆ ನೀವು ಆ ಕಟ್ಟಡದಲ್ಲೇ ಇರಲಿಲ್ಲ. ಹೋದ ಸಲ ಒಂದೂವರೆ, ಈ ಸಲ ಹನ್ನೊಂದು ಇಪ್ಪತ್ತು. ನಿಮ್ಮ ಯಾವ ಸುಳ್ಳನ್ನು ನಾವು ನಂಬಬೇಕು, ಸಾಬ್?”

“ಬರೆದದ್ದು ಸುಳ್ಳು,” ಎಂದರು ದೇವೇಂದ್ರಪ್ಪನವರು. “ಆ ದಿನದ್ದು ಮಾತ್ರ ಅಲ್ಲ, ಪ್ರತಿದಿನದ್ದೂ ಸುಳ್ಳೇ. ನಾನು ಹೋಗ್ತಿದ್ದದ್ದು ವಡೆ ತಿನ್ನೋಕೆ. ಹೋದ ಸಲ ಇದನ್ನ ಮುಚ್ಚಿಡೋಕೆ ಒಂದೂವರೆ ಅಂದೆ. ನನ್ನ ಕುರ್ಚಿಗೆ ಹೆದರಿ ಇವನ ಕೈ ಬಿಟ್ಟೆ, ಮೇಡಂ.”

ವಕೀಲರು ನಕಲನ್ನು ಮಡಚಿಟ್ಟು ಕೂತರು. ಸುಳ್ಳುಗಾರನೆಂದು ಸಾಬೀತುಮಾಡಲು ಸಿದ್ಧತೆ ಮಾಡಿಕೊಂಡು ಬಂದವರಿಗೆ ಆಸಾಮಿಯೇ ಒಪ್ಪಿಕೊಂಡರೆ ಕೆಲಸವೇನು ಉಳಿಯಿತು? ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಒಂದು ಹಾಳೆಯಲ್ಲ, ಇಡೀ ರಿಜಿಸ್ಟರ್ ತರಿಸಿ ಎಂದರು.

ಎರಡು ವಾರದ ಮೇಲೆ ರಿಜಿಸ್ಟರ್ ಬಂತು. ಮೇಡಂ ಒಂದೊಂದೇ ಹಾಳೆ ತಿರುವಿದರು. ಹತ್ತು ಐವತ್ತೈದಕ್ಕೆ ಹೋದದ್ದು, ಹನ್ನೊಂದೂವರೆಗೆ ಬಂದದ್ದು, ಬೇರೆ ಇಲಾಖೆಗೆ, ಫೈಲ್ ನಿಮಿತ್ತ. ನವೆಂಬರಿನಲ್ಲೂ ಅದೇ, ಡಿಸೆಂಬರಿನಲ್ಲೂ ಅದೇ, ಒಂದು ನಿಮಿಷ ಆಚೀಚೆಯಿಲ್ಲ. ಸರ್ಕಾರದಲ್ಲಿ ಇಷ್ಟು ಶಿಸ್ತಿನಿಂದ ನಡೆದ ಕೆಲಸ ಇನ್ನೊಂದಿರಲಾರದು. ಜನವರಿ ಒಂಬತ್ತಕ್ಕೆ ಬಂದಾಗ ಅವರ ಬೆರಳು ನಿಂತಿತು.

“ವಾಪಸ್ ಬಂದ ಹೊತ್ತು ಇಲ್ಲಿ ಖಾಲಿ ಇದೆ. ಇಡೀ ಪುಸ್ತಕದಲ್ಲಿ ಇದೊಂದೇ ದಿನ. ಯಾಕೆ?”

ದೇವೇಂದ್ರಪ್ಪನವರೂ ಅದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ. “ಆ ದಿನ ನಾನು ವಾಪಸ್ ಬರಲಿಲ್ಲ, ಮೇಡಂ. ಆಸ್ಪತ್ರೆಯಲ್ಲಿ ಇವನ ಪಕ್ಕದಲ್ಲಿದ್ದೆ.”

ಮೇಡಂ ಆಸ್ಪತ್ರೆಯ ಚೀಟಿಯನ್ನು ಆ ಖಾಲಿ ಜಾಗದ ಪಕ್ಕದಲ್ಲಿಟ್ಟು ನೋಡಿದರು. ಅಷ್ಟು ದಿನ ಬರೆದ ಸುಳ್ಳುಗಳೆಲ್ಲ ಸಾಲಾಗಿ ನಿಂತು ಒಂದೇ ಒಂದು ಸತ್ಯಕ್ಕೆ ಸಲಾಮು ಹೊಡೆದವು.

ಆದೇಶ ಬಂದದ್ದು ಏಪ್ರಿಲಿನಲ್ಲಿ. ಈ ಸಾಕ್ಷಿ ಹಿಂದೆ ಸುಳ್ಳಾಡಿದ್ದು ತನ್ನನ್ನು ಉಳಿಸಿಕೊಳ್ಳಲು. ಈಗ ಆಡಿದ್ದು ತನಗೇ ಕುತ್ತು ತರುವ ಮಾತು. ಅಂಥದ್ದನ್ನು ಯಾರೂ ಸುಮ್ಮನೆ ಹುಟ್ಟಿಸಿ ಹೇಳುವುದಿಲ್ಲ. ಆ ಖಾಲಿ ಜಾಗವಂತೂ ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ. ಪರಿಹಾರವನ್ನು ಬಡ್ಡಿಸಹಿತ ಕೊಡತಕ್ಕದ್ದು. ಅದಕ್ಕೂ ಮುಂಚೆ, ಮಾರ್ಚಿನಲ್ಲೇ, ದೇವೇಂದ್ರಪ್ಪನವರಿಗೆ ಎರಡು ಪುಟದ ಮೆಮೋ ಬಂದಿತ್ತು, ಮತ್ತು ಅವರ ಹೆಸರಿಲ್ಲದ ಬಡ್ತಿ ಪಟ್ಟಿ ಬಂದಿತ್ತು.

ಆದೇಶ ಬಂದ ವಾರದ ಭಾನುವಾರ ದೇವೇಂದ್ರಪ್ಪನವರ ಹೆಂಡತಿ ಪದ್ಮಾ ಗುಂಡಣ್ಣನನ್ನು ಊಟಕ್ಕೆ ಕರೆದರು. ಗಂಡನ ವಡೆಯ ವೃತ್ತಾಂತ ಅವರಿಗೆ ತಿಳಿದದ್ದೇ ಆದೇಶದ ನಕಲನ್ನು ಓದಿಸಿಕೊಂಡಾಗ.

“ಅಲ್ಲ ರೀ, ಏಳು ವರ್ಷ ದಿನಾ ಹನ್ನೊಂದಕ್ಕೆ ನಾಲ್ಕು ವಡೆ. ಮತ್ತೆ ನಾನು ಕಟ್ಟಿಕೊಡ್ತಿದ್ದ ಡಬ್ಬಿ?”

“ಅದನ್ನೂ ತಿಂತಿದ್ದೆ.”

“ಇದನ್ನ ನಾನು ನಂಬಬೇಕಾ?”

“ಕಮಿಷನರೇ ನಂಬಿದಾರೆ ಕಣೇ!”

ಗುಂಡಣ್ಣ ನಗಲಿಲ್ಲ. ತಲೆ ತಗ್ಗಿಸಿ ಕೂತಿದ್ದ. “ನನ್ನಿಂದ ನಿಮ್ಮ ಬಡ್ತಿ ಹೋಯ್ತು ಸಾರ್. ಈ ಋಣ ಹೆಂಗೆ ತೀರಿಸ್ಲಿ ನಾನು?”

“ಏಯ್, ಋಣ ನಂದು. ನಲವತ್ತು ದಿನ ಗಂಜಿ ಹೊತ್ತೋನು ಯಾರು?”

“ಅದೇನು ಮಹಾ ಸಾರ್, ಅಕ್ಕಿ ನೀರು.”

“ಇದೇನು ಮಹಾ, ಒಂದು ಕುರ್ಚಿ. ಮೊದಲ ಸಲಾನೇ ಬಾಯಿ ಬಿಟ್ಟಿದ್ರೆ ನೀನು ನಾಲ್ಕು ವರ್ಷ ಕಾಯ್ಬೇಕಿರಲಿಲ್ಲ. ಅದನ್ನ ನೀನು ಒಂದು ದಿನಾನೂ ಆಡಿ ತೋರಿಸ್ಲಿಲ್ಲ.”

“ಇಬ್ರೂ ಸಾಕು ಮಾಡಿ. ಅನ್ನ ಆರ್ತಾ ಇದೆ,” ಎಂದು ಪದ್ಮಾ ತಟ್ಟೆ ಇಟ್ಟರು, ಪಕ್ಕದಲ್ಲಿ ಒಂದು ಚಮಚವನ್ನೂ ಇಟ್ಟರು. ಬೆರಳು ಹೋದಂದಿನಿಂದ ಗುಂಡಣ್ಣ ನಾಲ್ಕು ಜನರೆದುರು ಎಡಗೈಯಲ್ಲಿ ಚಮಚ ಹಿಡಿದೇ ಉಣ್ಣುತ್ತಿದ್ದುದನ್ನು ಅವರು ಕಂಡಿದ್ದರು.

ಗುಂಡಣ್ಣ ಚಮಚವನ್ನು ಮೆಲ್ಲಗೆ ಆಚೆ ಸರಿಸಿದ. ಮೊಳಕೈಯವರೆಗೆ ತೋಳು ಮಡಿಸಿ, ಮೂರು ಬೆರಳಿನ ಬಲಗೈಯನ್ನು ಸಾರನ್ನಕ್ಕೆ ಇಳಿಸಿ, ಹದವಾಗಿ ಕಲಸಿ ತುತ್ತು ಕಟ್ಟಿದ. ಒಂದು ಅಗುಳೂ ಚೆಲ್ಲಲಿಲ್ಲ.

“ಬರೋ ಸೋಮವಾರ ಮುನಿರ್ಕಾದ ಮೆಸ್ಸಲ್ಲಿ ಪಾಲುದಾರನಾಗಿ ಕೆಲಸ ಶುರು, ಅಕ್ಕಾ,” ಎಂದ.

ದೇವೇಂದ್ರಪ್ಪನವರು ತಾವೂ ಕಲಸಿಕೊಳ್ಳುವುದನ್ನು ಮರೆತು ಆ ಕೈಯನ್ನೇ ನೋಡುತ್ತಾ ಕೂತರು.